ಮುಸುಕು ಇಳಿಸುವ ಕೈ

ಮದುವೆ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಾನು ಜಗಳ ಆಡಿದೆ. ಆಡಿದೆ, ಏನೀಗ? ಸಾಕಿದವಳಿಗೆ ಅಷ್ಟೂ ಹಕ್ಕಿಲ್ಲವೇ?

ನಮ್ಮ ಮತ್ಸುಯಾಮಾದಲ್ಲಿ ಮನೆಯೊಳಗೆ ಬುದ್ಧನಿಗೆ ಅನ್ನ ಇಟ್ಟು ಕೈ ಮುಗಿಯುವವರೂ ಮಕ್ಕಳ ಮದುವೆ ಮಾಡುವುದು ಚರ್ಚಿನ ಹಾಗೆ ಕಟ್ಟಿದ ಮಂಟಪದಲ್ಲೇ. ಆ ಮದುವೆಯಲ್ಲಿ ನನಗೆ ಬೇಕಾಗಿದ್ದು ಒಂದೇ ಒಂದು ಗಳಿಗೆ. ಬಾಗಿಲು ತೆರೆಯುವ ಮುಂಚೆ ಮದುಮಗಳು ತಾಯಿಯ ಮುಂದೆ ಮಂಡಿ ಬಗ್ಗಿಸಿ ತಲೆ ತಗ್ಗಿಸುತ್ತಾಳೆ, ತಾಯಿ ಮುಸುಕನ್ನು ಅವಳ ಮುಖದ ಮೇಲೆ ಇಳಿಸುತ್ತಾಳೆ. ಮಗಳಿಗೆ ತಾಯಿ ಮಾಡುವ ಕೊನೆಯ ಸಿಂಗಾರ ಅದು. ಮಿನೋರಿಗೆ ಅದನ್ನು ಮಾಡುವವಳು ನಾನೇ ಅಂತ ಎಷ್ಟೋ ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ.

ನಾನು ಹೆತ್ತವಳಲ್ಲ. ಹೆತ್ತ ರಿತ್ಸುಕೊ, ಮಗು ಶಾಲೆಗೆ ಸೇರುವ ಮೊದಲೇ ಇನ್ನೊಬ್ಬನ ಜೊತೆ ಒಸಾಕಾಕ್ಕೆ ಹೋದಳು. ಆಮೇಲೆ ಮಿನೋರಿಯ ಅಪ್ಪ ನನ್ನನ್ನು ಕಟ್ಟಿಕೊಂಡ. ದಿನಾ ಬುತ್ತಿ ಕಟ್ಟಿಕೊಟ್ಟವಳು, ಶಾಲೆಯ ಓಟದ ದಿನ ಗಂಟಲು ಹರಿಯುವ ಹಾಗೆ ಕೂಗಿದವಳು, ಅವಳಪ್ಪ ಸತ್ತ ಮೇಲೂ ಓದಿಸಿದವಳು ನಾನು. ಆದರೂ ಆ ಹುಡುಗಿಗೆ ಇವತ್ತಿಗೂ ನಾನು 'ಯಾಸುಯೊ-ಸಾನ್', ಪಕ್ಕದ ಮನೆಯವರನ್ನು 'ಅವರೇ' ಅಂದ ಹಾಗೆ. ಒಂದು ದಿನವೂ ಅಮ್ಮ ಅಂದವಳಲ್ಲ. ಅದನ್ನೂ ನುಂಗಿಕೊಂಡಿದ್ದೆ.

ಮಿನೋರಿ ಮೊದಲು ಹಾಕಿಕೊಂಡಿದ್ದು ನೆತ್ತಿಯಿಂದ ಬೆನ್ನ ಮೇಲೆ ಇಳಿಬೀಳುವ, ಅಂಚಿಗೆಲ್ಲ ಕಸೂತಿ ಇದ್ದ ಮುಸುಕು. ಮುಂದೆ ಪರದೆ ಇಲ್ಲ.

"ಅಯ್ಯೋ, ಎಷ್ಟು ಒಪ್ಪುತ್ತೆ!" ಅಂದಳು ಅಂಗಡಿಯವಳು.

ಒಪ್ಪಿತ್ತು. ಆ ಪುಟ್ಟ ಮುಖ, ಆ ನೀಳ ಕತ್ತು, ನನಗೇ ಕಣ್ಣು ಕೀಳಲಾಗಲಿಲ್ಲ. ಆದರೆ ಬಾಯಿಬಿಟ್ಟು ಹೇಳಲಿಲ್ಲ.

"ಮುಂದಿನ ಪರದೆ ಎಲ್ಲಿ? ಇದನ್ನ ಇಳಿಸೋದು ಹೇಗೆ?"

"ಇದರಲ್ಲಿ ಇಳಿಸೋದು ಇರಲ್ಲಮ್ಮ."

"ಹಾಗಾದ್ರೆ ಬೇಡ. ಸ್ನಾನ ಮಾಡಿ ತಲೆಗೆ ಟವೆಲ್ ಹಾಕ್ಕೊಂಡು ಬಂದ ಹಾಗಿದೆ."

"ನನಗೆ ಇದೇ ಇಷ್ಟ, ಯಾಸುಯೊ-ಸಾನ್. ಪರದೆ ಇದ್ರೆ ನನ್ನ ಮುಖ ಮುಚ್ಚಿಹೋಗುತ್ತೆ."

"ನೆಪ ಹೇಳ್ಬೇಡ ಕಣೆ."

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ಅಮ್ಮನ್ನೂ ಕರೆದಿದ್ದೀನಿ. ಒಸಾಕಾದಿಂದ ಬರ್ತಾರೆ. ಪರದೆ ಇದ್ರೆ ನಿಮ್ಮಿಬ್ಬರಲ್ಲಿ ಯಾರಾದ್ರೂ ಒಬ್ರು ಇಳಿಸ್ಬೇಕು. ಇಲ್ದಿದ್ರೆ ಯಾರಿಗೂ ನೋವಿಲ್ಲ ಅಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಿಟ್ಟು ಓಡಿದವಳು ಅಮ್ಮ! ನಾನು ಯಾಸುಯೊ-ಸಾನ್!

"ನಿನಗೆ ಜ್ವರ ಬಂದಾಗ ಎಲ್ಲಿದ್ಲು ಆ ನಿನ್ನಮ್ಮ? ನಾನು ಬೇಯಿಸಿ ಇಟ್ಟ ಮೇಲೆ ಬಡಿಸೋಕೆ ಬರ್ತಾಳಾ? ಅವಳೂ ನಾನೂ ಒಂದೇನಾ ನಿನಗೆ? ಹೋಗು, ಅವಳನ್ನೇ ಮುಂದೆ ಕೂರಿಸ್ಕೊಂಡು ಮದುವೆ ಮಾಡ್ಕೋ. ನಾನು ಬರೋದೇ ಇಲ್ಲ."

ಪಕ್ಕದಲ್ಲಿ ಗೌನು ನೋಡುತ್ತಿದ್ದವರು ತಿರುಗಿ ನೋಡಿದರು. ಅಂಗಡಿಯವಳು ಯಾರೂ ಕೇಳದಿದ್ದರೂ ಚಹಾ ತರುತ್ತೇನೆ ಅಂತ ಒಳಗೆ ಹೋದಳು. ಮಿನೋರಿ ಕಸೂತಿಯ ಮುಸುಕನ್ನು ತಾನೇ ತೆಗೆದು, ನಿಧಾನಕ್ಕೆ ಮಡಿಸಿ ಮೇಜಿನ ಮೇಲಿಟ್ಟಳು. ಅಂಗಡಿಯವಳು ಬಂದಾಗ, "ಪರದೆ ಇರೋದನ್ನ ತನ್ನಿ" ಅಂದಳು.

ಎರಡು ಪದರದ, ಹೊಳೆಯುವ ಮುಸುಕು ಬಂತು. "ಒಂದ್ಸಲ ಇಳಿಸಿ ನೋಡ್ತೀರಾ ಅಮ್ಮ?" ಅಂತ ಅಂಗಡಿಯವಳು ನನ್ನನ್ನೇ ಕೇಳಿದಳು. ಮಿನೋರಿ ನನ್ನ ಮುಂದೆ ಮಂಡಿ ಬಗ್ಗಿಸಿದಳು. ನಾನು ಎರಡು ಕೈಯಿಂದ ಅಂಚು ಹಿಡಿದು ಎತ್ತಿದೆ. ಈ ಹೊತ್ತಿಗೆ ಇಬ್ಬರೂ ಅಳುತ್ತೇವೆ ಅಂದುಕೊಂಡಿದ್ದೆ. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಇದೊಂದು ನಿಮ್ಮ ಕೈಲಿ ಮಾಡಿಸ್ಕೊಂಡ್ರೆ ನಿಮ್ಮ ಋಣ ತೀರಿತು ಅಲ್ವಾ, ಯಾಸುಯೊ-ಸಾನ್?" ಅಂದಳು, ಅಂಗಡಿಯವಳಿಗೆ ಕೇಳಿಸದ ಹಾಗೆ. "ಇನ್ಮೇಲೆ ಸಾಕಿದ್ದು ಹೇಳ್ಕೊಂಡು ನಮ್ಮನೆಗೆ ಬರಬೇಡಿ."

ಕೋಪ ಇರಲಿಲ್ಲ ಅವಳ ದನಿಯಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈ ಅಲ್ಲೇ ನಿಂತಿತು. ಬೇಡ ಬಿಡು, ಆ ಕಸೂತಿಯದ್ದೇ ಹಾಕ್ಕೋ ಅನ್ನುವ ಮಾತು ನಾಲಗೆ ತುದಿಗೆ ಬಂತು. ಅಷ್ಟರಲ್ಲಿ ಮದುವೆ ಮಂಟಪದ ಮುಂದಿನ ಸಾಲಿನಲ್ಲಿ ರೇಷ್ಮೆ ಕಿಮೊನೊ ಉಟ್ಟು, ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತ ರಿತ್ಸುಕೊ ಕಣ್ಣ ಮುಂದೆ ಬಂದಳು.

ಇಳಿಸಿದೆ. ಎರಡು ಪದರದ ಹಿಂದೆ ಅವಳ ಮುಖವೇ ಕಾಣಲಿಲ್ಲ.

"ಒಪ್ಪುತ್ತಾ?" ಅಂತ ಒಳಗಿನಿಂದ ಕೇಳಿದಳು.

"ಒಪ್ಪುತ್ತೆ. ಇದೇ ಇರಲಿ" ಅಂದೆ.