ಪದರ ಬಿಡುವ ಕಾಲ

ಅದು ಶುರುವಾದದ್ದು ಚಳಿ ಹಿಂದೆ ಸರಿದು ಬಿಸಿಲಿಗೆ ಇನ್ನೂ ಪೂರ್ತಿ ಧೈರ್ಯ ಬಂದಿರದ ದಿನಗಳಲ್ಲಿ, ಬೆಳಗಿನ ಹತ್ತರ ಹೊತ್ತಿಗೆ. ಪೂಲ್ ಪಾರ್ಲರಿನ ಷಟರ್ ಅರ್ಧಕ್ಕೆ ನಿಂತಿತ್ತು. ಒಳಗೆ ಮೇಜುಗಳ ಮೇಲೆ ಹೊದಿಸಿದ ಬಟ್ಟೆ ಹಾಗೆಯೇ ಇತ್ತು. ಮೂಲೆಯ ರಿಪೇರಿ ಬೆಂಚಿನ ಮುಂದೆ ಮಗಳು ಕೂತು, ಚೆಂಡು ಹೊಡೆಯುವ ಕೋಲಿನ ತುದಿಗೆ ಅಂಟಿಸುವ, ಅಂಗಿಯ ಗುಂಡಿಯಷ್ಟು ಅಗಲದ ಚರ್ಮದ ಬಿಲ್ಲೆಗಳನ್ನು ಒಂದೊಂದಾಗಿ ಗಾಜಿನ ಚೂರಿನ ಮೇಲೆ ಬೀಳಿಸಿ ಕಿವಿಗೊಡುತ್ತಿದ್ದಳು. ಟಕ್ ಅಂದದ್ದು ಎಡಕ್ಕೆ, ಟಪ್ ಅಂದದ್ದು ಬಲಕ್ಕೆ. ಬಲಗಡೆಯ ಗುಡ್ಡೆಯೇ ಬೆಳೆಯುತ್ತಿತ್ತು.

"ಏನಮ್ಮ, ಅಕ್ಕಿ ಆರಿಸ್ತಿದೀಯೋ ಕಲ್ಲು ಆರಿಸ್ತಿದೀಯೋ?" ಅಂದ ಅಪ್ಪ. ಬೆಂಚಿನ ಪಕ್ಕದ ಕುರ್ಚಿ ಅವನದು. ಬೆಂಚೂ ಒಂದು ಕಾಲಕ್ಕೆ ಅವನದೇ. ಕಣ್ಣು ಮಂಜಾದ ಮೇಲೆ ಕುರ್ಚಿಗೆ ಸರಿದಿದ್ದ.

"ಕಲ್ಲೇ ಜಾಸ್ತಿ ಅಪ್ಪ. ಕಡಿಮೆ ಬೆಲೇದು ಅಂದ್ಮೇಲೆ ಹೀಗೇ ಅಲ್ವಾ."

"ಒಂದೇ ಚರ್ಮದ ಟಿಪ್ ತಂದಿದ್ರೆ ನಾನೇ ಹದ ಮಾಡಿ ಕೊಡ್ತಿದ್ದೆ. ಇದೇನಿದು, ರಟ್ಟಿನ ಮೇಲೆ ರಟ್ಟು ಮೆತ್ತಿದ ಹಾಗೆ."

"ಈಗ ಎಲ್ರೂ ಪದರದ್ದೇ ಕೇಳೋದು. ನಿಮ್ಮ ಒಂದೇ ಚರ್ಮದ್ದು ಹೊಡೀತಾ ಹೊಡೀತಾ ಅಣಬೆ ಥರ ಅರಳಿಬಿಡುತ್ತೆ."

"ಅರಳಿದ್ರೆ ಕತ್ತರಿಸಬೇಕು. ನಾವು ಮತ್ತೆ ಇರೋದು ಯಾಕೆ?"

ಅವಳು ನಕ್ಕು ಇನ್ನೊಂದನ್ನು ಬೀಳಿಸಿದಳು. ಟಪ್.

ಕೋಲು ಎಷ್ಟೇ ಒಳ್ಳೆಯದಿರಲಿ, ಬಿಳಿ ಚೆಂಡನ್ನು ಮುಟ್ಟುವುದು ತುದಿಯ ಆ ಚರ್ಮವೊಂದೇ. ಅವಳ ತಮ್ಮನ ಕೋಲಿನ ಟಿಪ್ ಸವೆದು ಸವೆದು ಅದರ ಕೆಳಗಿನ ಬಿಳಿ ಉಂಗುರದ ಮಟ್ಟಕ್ಕೆ ಇಳಿದಿತ್ತು. ಬರುವ ಶುಕ್ರವಾರ ದೂರದ ಊರಿನ ದೊಡ್ಡ ಕ್ಲಬ್ಬಿನವರು ಅವನನ್ನು ಆಡಿಸಿ ನೋಡುವವರಿದ್ದರು. ಹಿಡಿಸಿದರೆ ಆಟ ಕಲಿಸುವ ಕೆಲಸ, ಇರಲು ಕೋಣೆ. ಹಿಡಿಸದಿದ್ದರೆ ಮತ್ತೆ ಇದೇ ಪಾರ್ಲರು, ಬಂದವರಿಗೆ ಚೆಂಡು ಜೋಡಿಸಿ ಕೊಡುವ ಕೆಲಸ. ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡಿದ್ದ ಅವನನ್ನು ಇನ್ನೊಮ್ಮೆ ಯಾರೂ ಕರೆಯುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಹೆಸರಾಂತ ಕಂಪನಿಯ ಟಿಪ್ ಅವರ ಕೈಗೆ ಎಟಕುವಂಥದ್ದಲ್ಲ. ಅದೊಂದರ ಬೆಲೆಗೆ ಇಂಥದು ಒಂದು ಡಬ್ಬಿಯೇ ಬರುತ್ತಿತ್ತು.

ಡಬ್ಬಿ ಕೊಟ್ಟವನು ಬ್ಯಾಗಿನವ. ತಿಂಗಳಿಗೊಮ್ಮೆ ಸ್ಕೂಟರಿಗೆ ಎರಡು ಬ್ಯಾಗು ನೇತುಹಾಕಿಕೊಂಡು ಬಂದು ಚಾಕು, ಬಟ್ಟೆ, ಕೋಲಿನ ತುದಿಗೆ ಉಜ್ಜುವ ನೀಲಿ ಚಾಕ್‌ಪೀಸು, ಟಿಪ್ ಮಾರಿ ಹೋಗುವವನು. ಮಾರುವವನಾದರೂ ಸುಳ್ಳು ಹೇಳುವವನಲ್ಲ. "ಅಕ್ಕಾ, ಚರ್ಮ ಒಳ್ಳೇದೇ. ಅಂಟು ಮಾತ್ರ ಬಡವರ ಮನೇದು. ನೀರು ಕಂಡ್ರೆ ಆಗಲ್ಲ ಇದಕ್ಕೆ, ನೆನೆಸಬೇಡಿ," ಅಂದಿದ್ದ. "ಟಿಪ್ ಯಾರು ನೆನೆಸ್ತಾರೋ ಮಾರಾಯ," ಅಂತ ಅವಳು ನಕ್ಕಿದ್ದಳು. ನೆನೆಸುವವರು ತನ್ನ ಮನೆಯಲ್ಲೇ ಇದ್ದಾರೆಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಡಬ್ಬಿ ಖಾಲಿಯಾಗುವ ಹೊತ್ತಿಗೆ ಎಡಗಡೆ ಉಳಿದದ್ದು ಮೂರೇ ಮೂರು. ಅಂಚಿನಲ್ಲಿ ಪದರದ ಗೆರೆಗಳು ಸಮನಾಗಿದ್ದವು, ಉಗುರು ಒತ್ತಿದರೆ ಗುರುತು ನಿಲ್ಲುತ್ತಿರಲಿಲ್ಲ. ಅವನ್ನು ಒಂದು ಮುಚ್ಚಳದಲ್ಲಿಟ್ಟು, ಮುಚ್ಚಳವನ್ನು ಗೂಡಿನಲ್ಲಿಟ್ಟಳು. "ನಾಳೆ ಒಂದನ್ನ ಹಾಕಿಬಿಡ್ತೀನಿ. ಮಿಕ್ಕಿದ ದಿನದಲ್ಲಿ ಅವನ ಕೈಗೆ ಕೂತ್ಕೊಳುತ್ತೆ," ಅಂದಳು.

ಅಪ್ಪ ಗೂಡಿನ ಕಡೆ ನೋಡಿದ.

ಅಪ್ಪನಿಗೂ ತಮ್ಮನಿಗೂ ಮಾತು ನಿಂತು ವರ್ಷದ ಮೇಲಾಗಿತ್ತು. ದೊಡ್ಡ ಕಾರಣವೇನಲ್ಲ. ಒಮ್ಮೆ ಅಪ್ಪನಿಗೆ ಜ್ವರ ಬಂದಿದ್ದಾಗ ತಮ್ಮ ತನ್ನ ಕೋಲನ್ನು ಹಿಂದಿನ ಬೀದಿಯ ರಿಪೇರಿಯವನ ಹತ್ತಿರ ಒಯ್ದಿದ್ದ. "ನಾನಿನ್ನೂ ಸತ್ತಿರಲಿಲ್ಲ," ಅಂದಿದ್ದ ಅಪ್ಪ. ತಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಅವನು ಚೆನ್ನಾಗೇ ಮಾಡಿದಾನೆ," ಅಂದುಬಿಟ್ಟ. ಅಲ್ಲಿಂದಾಚೆಗೆ ಒಂದೇ ಚಾವಣಿಯಡಿ ಮಾತೆಲ್ಲ ಮಗಳ ಮೂಲಕವೇ ಹಾದು ಹೋಗಬೇಕಿತ್ತು. "ನಿನ್ನ ತಮ್ಮನಿಗೆ ಹೇಳು, ಫ್ಯಾನ್ ಆರಿಸಲಿ." "ಅಪ್ಪನಿಗೆ ಹೇಳು, ಆರಿಸಿದೀನಿ." ಪಾರ್ಲರಿನಲ್ಲಿ ಯಾವತ್ತೂ ಆಡದೆ ಗೋಡೆಗೆ ಒರಗಿ ಕೂತು ಎಲ್ಲರ ಆಟಕ್ಕೂ ತೀರ್ಪು ಕೊಡುತ್ತಿದ್ದ ಒಬ್ಬ ಮುದುಕನಿದ್ದ, ಎಲ್ಲರೂ ಅವನನ್ನು ಗೋಡೆ ಮಾಮ ಅನ್ನುತ್ತಿದ್ದರು. ಅವನು ಅವಳಿಗೆ, "ನೀನು ಮಗಳಲ್ಲ ಕಣಮ್ಮ, ಅಂಚೆ ಡಬ್ಬಿ," ಅಂತ ಚುಡಾಯಿಸುತ್ತಿದ್ದ.

ಮರುದಿನ ಅವಳು ಬಂದಾಗ ಅಪ್ಪ ಆಗಲೇ ಬೆಂಚಿನಲ್ಲಿ ಕೂತಿದ್ದ. ಕುರ್ಚಿಯಲ್ಲಲ್ಲ, ಬೆಂಚಿನಲ್ಲೇ. ಗೂಡಿನಲ್ಲಿ ಮುಚ್ಚಳವಿರಲಿಲ್ಲ. ಹಳೆಯ ಕಬ್ಬಿಣದ ಇಕ್ಕಳದ ತಿರುಪನ್ನು ಅಪ್ಪ ನಿಧಾನವಾಗಿ ಸಡಿಲಿಸುತ್ತಿದ್ದ. ಬೆಂಚಿನ ಸುತ್ತ ಒಡೆದ ಹಾಲಿನ ವಾಸನೆ.

"ಬಾ," ಅಂದ. "ನಿನ್ನೆ ನೀನು ಹೋದ್ಮೇಲೆ ಹಾಲಲ್ಲಿ ಹಾಕಿಟ್ಟೆ. ಬೆಳಗಾಗೆದ್ದು ಒರೆಸಿ, ಇಕ್ಕಳದಲ್ಲಿ ಅಮುಕಿದೀನಿ. ಈಗ ಬೀಳಿಸಿ ನೋಡು."

ಮೂರು ಬಿಲ್ಲೆಗಳೂ ಅವನ ಅಂಗೈಯಲ್ಲಿದ್ದವು. ಅವಳು ಒಂದನ್ನು ತೆಗೆದುಕೊಂಡು ಗಾಜಿನ ಮೇಲೆ ಬಿಟ್ಟಳು. ಟಕ್. ಅಷ್ಟು ಗಟ್ಟಿಯಾದ ಸದ್ದನ್ನು ಅವಳು ದುಬಾರಿ ಟಿಪ್ಪಿನಲ್ಲೂ ಕೇಳಿರಲಿಲ್ಲ. ಅಪ್ಪನ ಮುಖ ನೋಡಿದಳು. ಕೆಲಸ ಕಲಿತ ಕಾಲದಿಂದ ಅವನು ಹದ ಮಾಡಿದ್ದು ಹಾಗೆಯೇ; ಹಾಲಿನಲ್ಲಿ ಇಳಿಸಿ, ಒಣಗಿಸಿ, ಅಮುಕಿ. ಅಂಟೇ ಇಲ್ಲದ ಒಂಟಿ ಚರ್ಮ ಹಾಲು ಕುಡಿದು ಗಟ್ಟಿಯಾಗುತ್ತಿತ್ತು. ಇದರ ಒಳಗಿನದ್ದು ಬೇರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಅವಳೇ.

"ಅಪ್ಪ, ಇದು..." ಅಂದು ನಿಲ್ಲಿಸಿದಳು.

"ನಿನ್ನ ತಮ್ಮನಿಗೆ ಹೇಳಬೇಡ ನಾನು ಮಾಡಿದ್ದು ಅಂತ. ಆಡಲಿ, ಅಷ್ಟು ಸಾಕು."

ಉಗುರಿನಿಂದ ಅಂಚನ್ನು ಕೆರೆದು ನೋಡಿದಳು. ಗೆರೆಗಳು ಬಿಗಿಯಾಗಿಯೇ ಇದ್ದವು. ಬಲಗಡೆಯ ಗುಡ್ಡೆಯ ಬಿಲ್ಲೆಗಳು ಬೆಂಡಿನಂತೆ ಮೆತ್ತಗೆ. ಅವುಗಳಲ್ಲಿ ಒಂದನ್ನು ಹಾಕಿದರೆ ಶುಕ್ರವಾರದ ಆಟ ಈಗಲೇ ಸೋತ ಹಾಗೆ. ಬ್ಯಾಗಿನವ ಬರಲು ಇನ್ನೂ ದಿನವಿತ್ತು; ಕೈಯಲ್ಲಿ ಫೋನು ಹಿಡಿದು ತಿರುಗುವ ಕಾಲ ಆಗಿನ್ನೂ ಬಂದಿರಲಿಲ್ಲ, ಅವನು ಯಾವ ದಾರಿಯಲ್ಲಿದ್ದಾನೋ ಯಾರಿಗೆ ಗೊತ್ತು. ಇದು ತಡೆದರೂ ತಡೆಯಬಹುದು. ಒಂದೇ ರಾತ್ರಿ ನೆನೆದದ್ದಲ್ಲವೇ. ಅಪ್ಪ ಪಕ್ಕದಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅವಳು ಬ್ಲೇಡು ತೆಗೆದುಕೊಂಡು ಹಳೆಯದನ್ನು ಕಿತ್ತಳು, ತುದಿ ಉಜ್ಜಿದಳು, ಹೊಸದನ್ನು ಕೂರಿಸಿದಳು.

ಮಧ್ಯಾಹ್ನ ತಮ್ಮ ಬಂದು ಎರಡು ಹೊಡೆತ ಹೊಡೆದವನು ಹಾಗೇ ನಿಂತ. ಅವನು ಎಡಗೈಯವನು. ಕೋಲನ್ನು ತಿರುಗಿಸಿ ತುದಿಯನ್ನು ನೋಡಿದ. ಮತ್ತೆ ಬಾಗಿ ಹೊಡೆದ. ಬಿಳಿ ಚೆಂಡು ಮುಂದಿನ ಚೆಂಡನ್ನು ಗುಳಿಗೆ ನೂಕಿ, ಹಗ್ಗ ಕಟ್ಟಿ ಎಳೆದಂತೆ ಹಿಂದಕ್ಕೆ ಬಂತು.

"ಅಕ್ಕ, ಇದು ಆ ಡಬ್ಬಿಯದ್ದಾ? ಸುಳ್ಳು ಹೇಳಬೇಡ."

"ಆ ಡಬ್ಬಿಯದ್ದೇ."

"ಮತ್ತೆ ಇದಕ್ಕೆ ಏನು ಮಾಡಿದೆ?"

ಗೋಡೆ ಮಾಮ ಒರಗಿದಲ್ಲಿಂದಲೇ ಅಂದ. "ಅವಳೇನು ಮಾಡ್ತಾಳೆ. ನಿಮ್ಮಪ್ಪ ಹಾಲು ಕುಡಿಸಿದಾನೆ. ಬೆಳಿಗ್ಗೆ ಹಾಲಿನ ಪಾತ್ರೆ ತೊಳೀತಿದ್ದ, ನಾನು ನೋಡಿದೆ. ಈ ವಯಸ್ಸಲ್ಲಿ ಬೆಕ್ಕು ಸಾಕಿದಾನೇನೋ ಅಂದ್ಕೊಂಡೆ."

ಪಾರ್ಲರಿನಲ್ಲಿದ್ದವರು ನಕ್ಕರು. ತಮ್ಮ ನಗಲಿಲ್ಲ. ಕೋಲನ್ನು ಮೇಜಿಗೆ ಒರಗಿಸಿ ಕುರ್ಚಿಯ ಹತ್ತಿರ ಹೋದ. ಅಪ್ಪ ಬೀದಿಯ ಕಡೆಗೆ ಮುಖ ಮಾಡಿ ಕೂತಿದ್ದ.

"ಅಪ್ಪ," ಅಂದ ತಮ್ಮ. "ಊಟ ಆಯ್ತಾ?"

ಅಪ್ಪ ಮಗಳ ಕಡೆ ತಿರುಗಿದ, ಅಭ್ಯಾಸಬಲ. ಅವಳ ಮೂಲಕ ಹೇಳಬೇಕಾದ ಮಾತು ಬಾಯಿಗೆ ಬಂದು ನಿಂತಿತು. ಆಮೇಲೆ ನೇರವಾಗಿ, "ಇನ್ನೂ ಇಲ್ಲ," ಅಂದ.

"ಬನ್ನಿ ಹಂಗಾದ್ರೆ."

ಇಬ್ಬರೂ ಷಟರಿನಡಿ ತಲೆ ಬಗ್ಗಿಸಿ ಹೊರಗೆ ಹೋದರು. ಗೋಡೆ ಮಾಮ ಮೇಲೆ ನೋಡಿ, "ಟ್ಯೂಬ್‌ಲೈಟ್ ಹುಷಾರು, ಇವರಿಬ್ರು ಮಾತಾಡಿದ್ರು ಅಂದ್ಮೇಲೆ ಇವತ್ತು ಏನಾದ್ರೂ ಒಡೆಯುತ್ತೆ," ಅಂದ. ಮಗಳಿಗೆ ನಗು ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಬಿಸಿಲು ಒಮ್ಮೆಲೇ ಏರಿತು. ತಗಡಿನ ಚಾವಣಿ ಮಧ್ಯಾಹ್ನ ಕಟಕಟ ಅನ್ನುತ್ತಿತ್ತು. ಮೇಜಿನ ಮರ ಒಣಗಿ ಕೂಡಿಕೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಾಣತೊಡಗಿತು. ತಮ್ಮ ದಿನವೆಲ್ಲ ಆಡಿದ. ಅಪ್ಪ ಬಿಳಿ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಮೇಜಿನ ತಲೆಯ ಕಡೆ ನಿಲ್ಲುತ್ತಿದ್ದ. ಕಣ್ಣು ಸರಿಯಾಗಿ ಕಾಣದಿದ್ದರೂ ಸದ್ದು ಕೇಳಿಯೇ, "ಇದು ದಪ್ಪ ಹೊಡೆದೆ, ಚೆಂಡಿನ ಬದಿಗೆ ತಾಗಬೇಕಿತ್ತು," "ಇದು ಸರಿ," ಅನ್ನುತ್ತಿದ್ದ. ತಮ್ಮ "ಹೂಂ ಅಪ್ಪ," ಅನ್ನುತ್ತಿದ್ದ. ಮನೆಯಲ್ಲಿ ಈಗ ಮಗಳ ಮೂಲಕ ಯಾವ ಮಾತೂ ಹಾದು ಹೋಗುತ್ತಿರಲಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತು ಯಾವುದೋ ಹಳೆಯ ಆಟಗಾರನ ಸುದ್ದಿ ಹೇಳಿಕೊಂಡು ನಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅವಳು ಪ್ರತಿ ಸಂಜೆ ಕೋಲು ಒರೆಸುವ ನೆಪದಲ್ಲಿ ತುದಿಯನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಏನೂ ಕಾಣುತ್ತಿರಲಿಲ್ಲ. ಏನೂ ಕಾಣದಿರುವುದೇ ಅವಳ ನಿದ್ದೆ ಕೆಡಿಸುತ್ತಿತ್ತು.

ಬುಧವಾರ ಸಂಜೆ ಬೆಂಚು ಗುಡಿಸುವಾಗ ಉಳಿದ ಎರಡು ಬಿಲ್ಲೆಗಳಿದ್ದ ಮುಚ್ಚಳ ಕೈಗೆ ಬಂತು. ಒಂದನ್ನು ಎತ್ತಿಕೊಂಡಳು. ಯಾರೂ ಹೊಡೆದಿರದ, ಯಾವ ಕೋಲಿಗೂ ಕೂರಿಸಿರದ ಬಿಲ್ಲೆ. ಹೆಬ್ಬೆರಳು ತಾಗಿದ್ದೇ ತಡ, ಈರುಳ್ಳಿಯ ಒಣ ಸಿಪ್ಪೆಯಂತೆ ಒಂದು ಪದರ ಜಾರಿ ಅಂಗೈಗೆ ಬಿತ್ತು. ಅದರ ಹಿಂದೆ ಇನ್ನೊಂದು.

ಅವಳು ಮುಷ್ಟಿ ಮುಚ್ಚಿಕೊಂಡು ಮನೆಗೆ, ತಮ್ಮನ ಹತ್ತಿರ ಹೋದಳು. ಅವನು ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದ.

"ನೋಡೋ, ಆ ಟಿಪ್ ತೆಗೆದುಬಿಡೋಣ. ಬೇರೆ ಒಂದು ಹಾಕಿ ಕೊಡ್ತೀನಿ."

"ಏನಂದೆ?"

"ಅದು ತಡೆಯಲ್ಲ. ಹಾಲಲ್ಲಿ ಅಂಟು ಸಡಿಲ ಆಗಿರುತ್ತೆ. ಬೇರೇದು ಅಷ್ಟು ಚೆನ್ನಾಗಿ ಆಡದೇ ಇರಬಹುದು, ಆದ್ರೆ ನಡುವೆ ಕೈ ಕೊಡಲ್ಲ."

ಅವನು ಮಡಿಸುವುದನ್ನು ನಿಲ್ಲಿಸಿದ. "ಇಷ್ಟು ದಿನ ಸುಮ್ಮನಿದ್ದು ಈಗ ಹೇಳ್ತಿದೀಯಲ್ಲ ಅಕ್ಕ. ನಾಳೆ ಬಸ್ಸು, ನಾಡಿದ್ದು ಆಟ. ಹೊಸ ಟಿಪ್ ಕೈಗೆ ಕೂರೋದು ಯಾವಾಗ?"

"ನನಗೆ ಹೇಳೋಕಾಗ್ಲಿಲ್ಲ."

"ನನಗೆ ಗೊತ್ತು ಯಾಕಂತ." ಅವನ ದನಿ ಒರಟಾಗಿರಲಿಲ್ಲ, ಸಮಾಧಾನ ಮಾಡುವವನಂತಿತ್ತು. "ನೀನು ಆರಿಸಿದ್ದು, ನೀನು ಹಾಕಿದ್ದು. ಎಲ್ರೂ ಅಪ್ಪನ್ನ ಹೊಗಳಿದ್ರು. ಅವತ್ತಿಂದ ನಿನ್ನ ಮುಖ ಹುಣಸೆಹಣ್ಣು ಹಿಂಡಿದ ಹಾಗಿದೆ. ನಾನೇನು ಕುರುಡನಾ?"

"ಹೊಟ್ಟೆಕಿಚ್ಚು ಅಂತೀಯಾ?"

"ನಾನು ಅನ್ನಲಿಲ್ಲ."

ಮುಷ್ಟಿಯಲ್ಲಿ ಆ ಸಿಪ್ಪೆಗಳು ಅವಳ ಬೆವರಿಗೆ ಅಂಟಿಕೊಂಡಿದ್ದವು. ಕೈ ಬಿಚ್ಚಿ ತೋರಿಸಿದರೆ ಮುಗಿಯಿತು. ಬೆರಳುಗಳು ಸಡಿಲಗೊಳ್ಳತೊಡಗಿದವು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಬಂದು ನಿಂತ. ಕೈಯಲ್ಲಿ ತಮ್ಮನ ಕೋಲಿನ ಉದ್ದ ಪೆಟ್ಟಿಗೆ. ಅದರ ಚರ್ಮದ ಪಟ್ಟಿಗೆ ಎಣ್ಣೆ ಉಜ್ಜಿ ಮಿರಿಮಿರಿ ಮಾಡಿದ್ದ.

"ಏನಂತೆ ಅಕ್ಕನದು?" ಅಂದ.

ತಮ್ಮ ಅಕ್ಕನನ್ನು ನೋಡಿದ. "ಕೇಳಿ ಅಪ್ಪ, ಅವಳನ್ನೇ."

ಅಪ್ಪ ಮಂಜು ಕಣ್ಣುಗಳನ್ನು ಅವಳ ದನಿ ಬರಬಹುದಾದ ಕಡೆಗೆ ತಿರುಗಿಸಿದ. ಮುಖದಲ್ಲಿ ಇನ್ನೂ ನಗುವಿತ್ತು. ಹೊರಗೆ ಯಾರೋ ಸೈಕಲ್ಲು ನೂಕಿಕೊಂಡು ಹೋದ ಸದ್ದು ಬೀದಿಯ ತುದಿಯವರೆಗೂ ಕೇಳಿಸಿತು.

"ಏನಿಲ್ಲ," ಅಂದಳು ಅವಳು. "ಹುಷಾರಾಗಿ ಹೋಗಿ ಬಾ ಅಂದೆ, ಅಷ್ಟೇ."

ಬೆಳಿಗ್ಗೆ ತಮ್ಮ ಕೈ ಬಿಸಿ ಮಾಡಿಕೊಳ್ಳಲು ಪಾರ್ಲರಿಗೆ ಬಂದ. ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾಲ್ಕಾರು ಹೊಡೆತ ಹೊಡೆದ, ಎಲ್ಲವೂ ಕೂತವು. ಕೊನೆಯದನ್ನು ಜೋರಾಗಿಯೇ ಹೊಡೆದ. ಬಿಳಿ ಚೆಂಡು ಎರಡು ಅಂಚಿಗೆ ತಾಗಿ ಬಂದು, ಅವನು ಬೆರಳಿಟ್ಟು ತೋರಿಸಿದ್ದ ಜಾಗದಲ್ಲೇ ನಿಂತಿತು. "ಸರಿ," ಅಂದ ಅಪ್ಪ ಮೇಜಿನ ತಲೆಯ ಕಡೆಯಿಂದ. ತಮ್ಮ ತೃಪ್ತಿಯಿಂದ ಉಸಿರು ಬಿಟ್ಟು, ತುದಿಯ ಕಡೆ ನೋಡದೆಯೇ ಕೋಲನ್ನು ಎರಡು ತುಂಡಾಗಿ ಬಿಚ್ಚಿ ಪೆಟ್ಟಿಗೆಗೆ ಹಾಕಿದ. ಪೆಟ್ಟಿಗೆಯನ್ನು ಅಪ್ಪ ಎತ್ತಿಕೊಂಡ. "ನೀವ್ಯಾಕೆ ಅಪ್ಪ, ಕೊಡಿ," ಅಂದರೆ ಕೊಡಲಿಲ್ಲ. ಒಂದು ಕೈ ಮಗನ ಹೆಗಲ ಮೇಲಿಟ್ಟು, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು, ಬಸ್‌ಸ್ಟಾಪಿನ ಕಡೆ ಹೊರಟ.

"ಬರ್ತೀನಿ ಅಕ್ಕ," ಅಂದ ತಮ್ಮ ತಿರುಗಿ. "ನಿನ್ನೆ ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ."

"ಇಲ್ಲ ಹೋಗೋ."

ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ ಅವಳು ಒಳಗೆ ಬಂದಳು. ಮೇಜಿನ ಹಸಿರು ಬಟ್ಟೆಯ ಮೇಲೆ ಬ್ರಷ್ ಆಡಿಸತೊಡಗಿದಳು, ತಲೆಯ ಕಡೆಯಿಂದ ಕಾಲಿನ ಕಡೆಗೆ, ಒಂದೇ ದಿಕ್ಕಿನಲ್ಲಿ. ತಮ್ಮ ನಿಂತು ಹೊಡೆದಿದ್ದ ಜಾಗಕ್ಕೆ ಬಂದಾಗ ಬ್ರಷ್ಷಿನ ಮುಂದೆ ಏನೋ ಉರುಳಿತು. ಕತ್ತರಿಸಿ ಬಿದ್ದ ಉಗುರಿನಂತೆ ಬಾಗಿದ ಒಂದು ತೆಳು ಚರ್ಮದ ಚೂರು. ಒಂದು ಮಗ್ಗುಲಿಗೆ ಚಾಕ್‌ಪೀಸಿನ ನೀಲಿ ಹತ್ತಿತ್ತು. ಇನ್ನೊಂದು ಮಗ್ಗುಲು ನುಣುಪಾಗಿತ್ತು, ಅದು ಯಾವತ್ತೂ ಯಾವುದಕ್ಕೂ ಅಂಟಿಕೊಂಡೇ ಇರಲಿಲ್ಲವೇನೋ ಎಂಬಷ್ಟು.

ಬ್ರಷ್ಷನ್ನು ಅಲ್ಲೇ ಬಿಟ್ಟು ಅವಳು ಬೀದಿಗೆ ಓಡಿದಳು. ತಿರುವಿನ ಆಚೆಯಿಂದ ಅಪ್ಪ ಒಬ್ಬನೇ ಬರುತ್ತಿದ್ದ. ಖಾಲಿ ಕೈಗಳನ್ನು ಬೀಸಿಕೊಂಡು, ಗೋಡೆ ಹಿಡಿಯದೆ, ನಡುಬೀದಿಯಲ್ಲಿ.

ತಮ್ಮ ಹೋದದ್ದು ಆ ಗುರುವಾರ, ಬಿಸಿಲು ಏರುವ ಮುಂಚಿನ ಬಸ್ಸಿಗೆ.