ಒಂದು ಮಾತ್ರೆಯ ಕೊಸರು

ಅಪ್ಪನ ಅಂಗಿಗೆ ಅಂಟಿಕೊಂಡು ಬರುತ್ತಿದ್ದ ಟಿಂಚರಿನ ಘಾಟು ಮಗಳಿಗೆ ಚಿಕ್ಕಂದಿನಲ್ಲಿ ಬಲು ಇಷ್ಟ. ಅಪ್ಪ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದರು. ಈಗ ಮೂರನೆಯ ಬಸಿರೂ ಇಳಿದುಹೋದ ಮೇಲೆ, ಸ್ಕ್ಯಾನಿನ ಚೀಟಿ ಹಿಡಿದು ಅವಳು ಅವರೆದುರು ಕುಳಿತಿದ್ದಳು. ಕೇಳೋಣವೆಂದರೆ ಅಮ್ಮ ಈಗ ಬದುಕಿರಲಿಲ್ಲ.

"ನನ್ನ ಗರ್ಭಕೋಶದ ಆಕಾರ ಹುಟ್ಟಿನಿಂದಲೇ ಸರಿಯಿಲ್ಲವಂತೆ ಅಪ್ಪ. ನಾನು ಹೊಟ್ಟೇಲಿದ್ದಾಗ ಅಮ್ಮ ಏನಾದ್ರೂ ಮಾತ್ರೆ ತಗೊಂಡಿದ್ಲಾ? ಅದರಿಂದಲೂ ಹೀಗಾಗುತ್ತಂತೆ."

ಅಪ್ಪ ಕನ್ನಡಕ ತೆಗೆದರು.

"ಬಸಿರು ನಿಲ್ಲಲಿ ಅಂತ ಡಾಕ್ಟರು ದಿನಕ್ಕೊಂದು ಬರೆದಿದ್ರು. ನಾನು ಎರಡು ಕೊಟ್ಟೆ. 'ಕಾಂಪೌಂಡರ್ ಹೆಂಡ್ತಿಗೆ ಕೊಸರು ಬೇರೆ' ಅಂತ ನಿಮ್ಮಮ್ಮ ನಗ್ತಿದ್ಲು." ಅವರು ಕನ್ನಡಕದ ಗಾಜು ಒರೆಸತೊಡಗಿದರು. "ಊರಿಗೆಲ್ಲ ಅಳೆದು ತೂಗಿ ಕೊಟ್ಟೋನು, ಮನೆಯವಳಿಗೆ ಮಾತ್ರ ಕೈ ಬಿಚ್ಚಿ ಕೊಟ್ಟೆ ಕಣಮ್ಮ."

ಅವಳು ಸ್ಕ್ಯಾನಿನ ಚೀಟಿಯನ್ನು ಮಡಿಚಿ ಚೀಲಕ್ಕೆ ಹಾಕಿದಳು.

"ಆಗ ಯಾರಿಗೂ ಗೊತ್ತಿರ್ಲಿಲ್ಲ ಬಿಡಿ. ಒಂದೇ ಕೊಟ್ಟಿದ್ರೂ ಹೀಗೇ ಆಗ್ತಿತ್ತೋ ಏನೋ."

"ಆ ಹೆಚ್ಚಿನ ಒಂದನ್ನಾದ್ರೂ ನಿಂಗೆ ತಪ್ಪಿಸಬಹುದಿತ್ತು," ಎಂದ ಅಪ್ಪ ತಲೆಯೆತ್ತಲಿಲ್ಲ.

ಬೆಳಗಿನಿಂದ ಅವರು ಏನೂ ತಿಂದಂತಿರಲಿಲ್ಲ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದೇ ಇರಲಿಲ್ಲ. ಮಗಳು ಎದ್ದು ಅಡುಗೆ ಬಿಸಿ ಮಾಡಿದಳು. ತಟ್ಟೆಗೆ ಬಡಿಸಿ ತಂದು ಅವರ ಕೈಗಿಟ್ಟಳು.