ಕೆಂಪಿಯ ಹಾಡು

"ಯಾವ್ ಹಾಡು ಬತ್ತದೋ ಬರ್ಲಿ. ಅದನ್ನ ಯಾಕ್ ಇಟ್ಕೊಂಡಿದ್ದೀರ ಅಂತ ಹೇಳ್ಬೇಕು, ಅಷ್ಟೆಯ," ಎಂದು ಪ್ರಿಯಾಂಕ ಲೋಕೇಶನ ಫೋನನ್ನು ಸ್ಟೂಲಿನ ಮೇಲಿಟ್ಟಳು.

ಲೋಕೇಶ ಈವರೆಗೆ ನೋಡಲು ಹೋದ ಹುಡುಗಿಯರೆಲ್ಲ ಸಂಬಳ ಕೇಳಿದ್ದರು. ಹಾಡು ಕೇಳಿದವಳು ಇವಳೊಬ್ಬಳೇ. ಸಂಬಳದ ಪ್ರಶ್ನೆಗಾದರೆ ಸೋದರಮಾವ ಹೊನ್ನಪ್ಪ ಉತ್ತರವನ್ನು ಬಾಯಿಪಾಠ ಮಾಡಿಸಿದ್ದ: ಮೈಸೂರಿನಲ್ಲಿ ಕಂಪನಿ ಕೆಲಸ, ಸೂಪರ್‌ವೈಸರು. ನಿಜಕ್ಕೂ ಅವನಿಗಿದ್ದದ್ದು ಸಿಂಧಘಟ್ಟದಲ್ಲೊಂದು ಕೊಟ್ಟಿಗೆ, ಅದರ ತುಂಬ ಹಸು. ಹಾಲಿಗೆ ಗಿರಾಕಿ ಉಂಟು, ಹಾಲು ಕರೆಯುವವನಿಗೆ ಹೆಣ್ಣಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಹೇಳಿರೋದು ಒಂದೇ ಎಂಬುದು ಹೊನ್ನಪ್ಪನ ಸಮಾಧಾನ.

ಅವನೀಗ ಜಗಲಿಯಲ್ಲಿ ಪ್ರಿಯಾಂಕಳ ಅಪ್ಪ ಮರಿಯಯ್ಯನ ಎದುರು ಕೂತು ಕೇಸರಿಬಾತು ತಿನ್ನುತ್ತಿದ್ದ. ಮಾತಾಡ್ಕೊಳ್ಳಿ ಎಂದು ಇವರಿಬ್ಬರನ್ನು ಹಿತ್ತಿಲ ಬಾಗಿಲ ಬಳಿ ಕೂರಿಸಿದ್ದರು.

ಮೊದಲು ಮಾದಪ್ಪನ ಹಾಡು ಬಂತು.

"ಇದು ನಮ್ಮವ್ವಂದು. ಸೋಮ್ವಾರ ಬೆಳಿಗ್ಗೆ ಇದನ್ನ ಹಾಕ್ದಿದ್ರೆ ಕಾಫಿ ಸಿಕ್ಕಲ್ಲ."

ಆಮೇಲೆ ಕಿವಿ ಕಿತ್ತುಹೋಗುವಂಥ ಕುಣಿತದ ಹಾಡು.

"ಗಣಪತಿ ಬುಡೋವಾಗ ಬೇಕಾಯ್ತದೆ. ನಂಗೆ ಕುಣಿಯಾಕೆ ಬರಲ್ಲ. ಬೀಳ್ದಂಗೆ ನಿಂತಿರ್ತೀನಿ."

ಮೂರನೆಯದು ವಿರಹಗೀತೆ. "ಸುಮ್ನೆ ಇಟ್ಕೊಂಡಿದ್ದೀನಿ," ಎಂದ.

"ಇದನ್ನ ಯಾರೂ ಸುಮ್ನೆ ಇಟ್ಕಳಲ್ಲ."

"ಓದ್ಸಲ ನೋಡಿದ್ ಹೆಣ್ಣಿನ ಮನೆಯೋರು ಬ್ಯಾಡ ಅಂದ್ರಲ್ಲ, ಆಗ ಹಾಕ್ಸ್ಕೊಂಡಿದ್ದು."

ಪ್ರಿಯಾಂಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಇವಳು ಒಪ್ಪಲಿ ಎಂದು ಲೋಕೇಶನಿಗೆ ಬಹಳ ಆಸೆಯಾಯಿತು. ಒಪ್ಪಿದ ಮೇಲೆ ನಿಜ ತಿಳಿದರೆ ಏನು ಗತಿ ಎಂಬ ಭಯವೂ ಅದರ ಜೊತೆಗೇ ಬಂತು.

ಅಷ್ಟರಲ್ಲಿ ಫೋನು ಅವನದೇ ದನಿಯಲ್ಲಿ ಶುರುಮಾಡಿತು. "ಹೋ... ಕೆಂಪೀ... ನನ್ನವ್ವಾ... ಕಾಲೆತ್ತಬ್ಯಾಡ ಮಗಾ..." ನಡುವೆ ರಾಗವೂ ಅಲ್ಲದ, ತಾಳವೂ ಇಲ್ಲದ ಗುನುಗು.

ಲೋಕೇಶ ಕೈ ಚಾಚಿದ. ಅವಳು ಫೋನನ್ನು ಆಚೆ ಸರಿಸಿದಳು.

"ಇದ್ಯಾವ ಸಿನಿಮಾದ್ದು?"

"ನಮ್ಮ ಹಸೀಂದು. ನನ್ ದನಿ ಕೇಳ್ದಿದ್ರೆ ಹಾಲು ಇಳ್ಸಲ್ಲ. ನಾನು ಊರ್ಗೆ ಗೀರ್ಗೆ ಹೋದಾಗ ಅವ್ವ ಇದನ್ನ ಹಾಕ್ಕೊಂಡು ಕರೀಲಿ ಅಂತ."

"ದಿನಾ ಮೈಸೂರ್ಗೆ ಹೋಗೋರು ಹಸ ಯಾವಾಗ ಕರೀತೀರ?"

ಅವನು ಜಗಲಿಯ ಕಡೆ ನೋಡಿದ.

"ಕಂಪನಿ ಇಲ್ಲ ಕಣ್ರೀ. ಹಸಾನೇ ನನ್ ಕೆಲ್ಸ."

ಪ್ರಿಯಾಂಕಳ ನಗು ಆರಿತು. "ಇದನ್ನ ನಮ್ಮಪ್ಪನ ಮುಂದೆ ಹೇಳ್ತಿದ್ರಾ?"

"ಇಲ್ಲ ಅನ್ಸ್ತದೆ," ಎಂದ.

"ಹಸೀಗೆ ಹಾಡಾಕೆ ನಾಚ್ಕೆ ಇಲ್ಲ. ಹೇಳಾಕೆ ಮಾತ್ರ ನಾಚ್ಕೆ."

ಹಿತ್ತಿಲಲ್ಲಿ ಬಕೆಟ್ಟು ಉರುಳಿದ ಸದ್ದಾಯಿತು. ಮನೆಯಲ್ಲಿ ಎಂಥ ನೆಂಟರಿದ್ದರೂ ಹಾಲಿನ ಡೈರಿ ಕಾಯುವುದಿಲ್ಲವಲ್ಲ; ಅವಳ ತಾಯಿ ಸೋಮಮ್ಮ ರೇಷ್ಮೆ ಸೀರೆಯಲ್ಲೇ ಕೊಟ್ಟಿಗೆ ಹೊಕ್ಕಿದ್ದಳು. "ಚೊಚ್ಚಲ ಬಾಣ್ತಿ ಆದ್ರೆ ಇಂಗಾ ಒದೆಯೋದು?" ಎಂದು ಹಸುವನ್ನು ಬೈಯುವುದು ಕೇಳಿಸಿತು. ಪ್ರಿಯಾಂಕ ಫೋನು ಎತ್ತಿಕೊಂಡು ಅತ್ತ ನಡೆದಳು.

ಮುಗಿಯಿತು ಎಂದುಕೊಂಡ ಲೋಕೇಶ. ಮುಗಿಯುವುದಾದರೆ ತನ್ನ ಬಾಯಿಂದಲೇ ಮುಗಿಯಲಿ ಎಂದು ಜಗಲಿಗೆ ಬಂದು ನಿಂತ. ಹೊನ್ನಪ್ಪ ಕಂಪನಿಯವರು ಕೊಡುವ ಬೋನಸ್ಸಿನ ವಿಚಾರ ವಿವರಿಸುತ್ತಿದ್ದ.

ಆಗ ಹಿತ್ತಿಲಿನಿಂದ ಜೋರಾಗಿ ಕೇಳಿಸಿತು. "ಹೋ... ಕೆಂಪೀ... ನನ್ನವ್ವಾ..."

ಹೊನ್ನಪ್ಪನ ಮಾತು ಬೋನಸ್ಸಿನಲ್ಲೇ ನಿಂತಿತು. ಮರಿಯಯ್ಯ ಕಾಫಿ ಲೋಟ ಕೆಳಗಿಟ್ಟ.

"ಯಾರದು ನಮ್ ಕೊಟ್ಗೇಲಿ?"

"ನಾನೇ," ಎಂದ ಲೋಕೇಶ. "ನನ್ ದನೀನೇ. ನಾನು ಹಸ ಕಟ್ಟೋನು. ಕಂಪನಿ ಗಿಂಪನಿ ಇಲ್ಲ."

ಕೊಟ್ಟಿಗೆಯಲ್ಲಿ ಹಾಡು ಮುಗಿಯಿತು. ಆಮೇಲೆ ಪ್ರಿಯಾಂಕ ಅದನ್ನೇ ಮತ್ತೆ ಮೊದಲಿನಿಂದ ಹಾಕಿದ್ದು ಕೇಳಿಸಿತು, ಜೊತೆಗೆ ಬಕೆಟ್ಟಿಗೆ ಹಾಲು ಬೀಳುವ ಸದ್ದು.